‘ಮಧ್ಯಮ’ ಅಂದರೆ ನಡುವಿನದೋ, ಮಂಕೋ? ಬ್ಯಾಟರಿ ಬೆಳಕಿಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ.

ನಮ್ಮ ಕಾಕಾ ಅಫಜಲಪುರ ತಾಲೂಕಿನಲ್ಲಿ ಕಬ್ಬು ಬೆಳೆಯುತ್ತಾರೆ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ರಾತ್ರಿಯೇ ಹೊಲಕ್ಕೆ ಹೋಗಿ ನೀರು ಬಿಡಬೇಕು. ಅವರ ಹಳೇ ತಗಡಿನ ಬ್ಯಾಟರಿಗೆ ನಾನು ಎಲ್‌ಇಡಿ ಕೂಡಿಸಿಕೊಟ್ಟಿದ್ದೆ. (ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಾರೆ, ಒಳಗೆ ಹಾಕೋದು ಶೆಲ್ಲು.) ಆದರೆ ಅದಕ್ಕೆ ಒಂದೇ ಬೆಳಕು. ಹಚ್ಚಿದರೆ ಫುಲ್, ಇಲ್ಲಾಂದ್ರೆ ಬಂದ್. ಕಾಲ ಹತ್ತಿರ ಹುಳಹುಪ್ಪಡಿ ನೋಡೋಕೆ ಅಷ್ಟು ಬೆಳಕು ಬೇಡ, ಕಣ್ಣು ಕುಕ್ಕುತ್ತದೆ. ಶೆಲ್ಲೂ ಬೇಗ ಇಳಿಯುತ್ತದೆ. ಅದಕ್ಕೆ ಈ ಸಲ ಡ್ರೈವರ್ ಬೋರ್ಡ್ (ಎಲ್‌ಇಡಿಗೆ ಹೋಗೋ ಕರೆಂಟನ್ನು ಹಿಡಿತದಲ್ಲಿಡೋ ಬಿಲ್ಲೆ) ಬದಲಿಸಿ ನಾಲ್ಕು ಬಗೆ ಬೆಳಕು ಬರೋ ಹಾಗೆ ಮಾಡಿದೆ. ಗುಂಡಿಯನ್ನು ಒಮ್ಮೆ ಪಟ್ಟನೆ ಆರಿಸಿ ಹಚ್ಚಿದರೆ ಮುಂದಿನ ಬೆಳಕು ಬರುತ್ತದೆ.

ಗುರುತಿಗೆ ಇರಲಿ ಅಂತ ಮೇಲೆ ಒಂದು ಚೀಟಿ ಅಂಟಿಸಿದೆ: ಮಂದ, ಮಧ್ಯಮ, ಪ್ರಖರ, ಮಿಣುಕು. ಎರಡೇ ದಿನಕ್ಕೆ ಕಾಕಾ ಫೋನ್ ಮಾಡಿದರು.

“ಮದ್ಧಮ್ ಅಂತ ಬರದಿ, ಇದು ಇಷ್ಟು ಜೋರ್ ಹತ್ತತದಲ್ಲೋ?”

ನನ್ನ ಪ್ರಶ್ನೆ ಹುಟ್ಟಿದ್ದೇ ಇಲ್ಲಿ. ಕಾಕಾ ಓದಿದ್ದು ‘ಮಧ್ಯಮ’ವನ್ನೇ. ಆದರೆ ಅವರ ಕಿವಿಯಲ್ಲಿ ಇರೋದು ಬಜಾರಿನ ಉರ್ದು ‘ಮದ್ಧಮ್’. ಅದಕ್ಕೆ ಅರ್ಥ ಮಂಕು, ಕಡಿಮೆ ಬೆಳಕು. ಅದೂ ಸಂಸ್ಕೃತದ ‘ಮಧ್ಯಮ’ದಿಂದಲೇ ಬಂದದ್ದು. ಆದರೆ ನಡುವಿನಿಂದ ಜಾರಿ ಕೆಳಗೆ ಇಳಿದುಬಿಟ್ಟಿದೆ. ಶಾಲೆಯ ಕನ್ನಡದಲ್ಲಿ ಮಧ್ಯಮ ಅಂದರೆ ನಡುವಿನದು. ಎರಡೂ ಮಾತು ಆಡುವ ಊರಿನಲ್ಲಿ ಒಂದೇ ಪದಕ್ಕೆ ಎರಡು ಬೆಳಕು!

‘ಮಂದ’ವೂ ನಿಲ್ಲಲಿಲ್ಲ. ಕಾಕು (ಕಾಕಾನ ಹೆಂಡತಿ) ಕೇಳಿದರು: “ಮಂದ ಅಂದ್ರ ಗಟ್ಟಿ ಅಲ್ಲೇನು? ಸಾರು ಮಂದ ಆಗ್ಯಾದ ಅಂತೀವಲ್ಲ.” ನಿಜ. ಮನೆಮಾತಿನಲ್ಲಿ ಮಂದ ಅಂದರೆ ದಪ್ಪ, ಗಟ್ಟಿ. ಮಂದ ಬೆಳಕು ಅಂದರೆ ಅವರಿಗೆ ಜಾಸ್ತಿ ಬೆಳಕು ಅನ್ನಿಸಿದ್ದರಲ್ಲಿ ತಪ್ಪೇನಿದೆ? ‘ಪ್ರಖರ’ವನ್ನು ಇಬ್ಬರೂ ಬಾಯಲ್ಲಿ ಹಾಕಿಕೊಳ್ಳಲೇ ಇಲ್ಲ.

ಕಂದೀಲು ಇದ್ದಾಗ ಏನಂತಿದ್ದಿರಿ ಅಂತ ಕೇಳಿದೆ. ತಕ್ಷಣ ಬಂತು ಉತ್ತರ: “ಬತ್ತಿ ಸಣ್ಣಂದು ಮಾಡು, ದೊಡ್ಡದು ಮಾಡು, ಏರಿಸು, ಇಳಿಸು.” ಇವು ಎಷ್ಟು ನಿಚ್ಚಳ ಪದಗಳು ನೋಡಿ. ಕಂದೀಲು ಅನ್ನೋ ಹೆಸರು ಅರಬ್ಬಿಯದು, ಅದನ್ನು ಆಳುವ ಕ್ರಿಯಾಪದಗಳೆಲ್ಲ ನಮ್ಮವು. ಎಲ್‌ಇಡಿಗೆ ಬತ್ತಿ ಇಲ್ಲ ನಿಜ, ಆದರೂ ‘ಸಣ್ಣ, ನಡು, ದೊಡ್ಡ’ ಅಂತ ಬರೆದರೆ ಸಾಲದೇ? ನನಗಂತೂ ಇದೇ ಸರಿ ಕಾಣುತ್ತದೆ.

‘ಅರ್ಧ’ ಅಂತ ಬರೆಯಬಹುದಲ್ಲ ಅಂತ ಗೆಳೆಯರೊಬ್ಬರು ಹೇಳಿದರು. ಅದರಲ್ಲಿ ಒಂದು ತೊಡಕಿದೆ. ನನ್ನ ಬೋರ್ಡಿನಲ್ಲಿ 7135 ಅನ್ನೋ ಚಿಪ್ಪು ನಾಲ್ಕಿವೆ, ಒಂದೊಂದು ಎಲ್‌ಇಡಿಗೆ 350 ಮಿಲಿಆಂಪ್ ಕರೆಂಟು ಬಿಡುತ್ತದೆ. ಫುಲ್ ಅಂದರೆ 1400. ಬೆಳಕು ಕಡಿಮೆ ಮಾಡೋಕೆ ಪುಟ್ಟ ಮೈಕ್ರೋಕಂಟ್ರೋಲರ್ ಇವನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸುತ್ತದೆ. ನಡುವಿನ ಬೆಳಕಿನಲ್ಲಿ ಎಲ್‌ಇಡಿ ಹತ್ತಿರೋದು ಕಾಲು ಭಾಗ ಹೊತ್ತು ಮಾತ್ರ. ಅಂದರೆ ಕರೆಂಟು ಸರಾಸರಿ 350. ಆದರೆ ಕಣ್ಣಿಗೆ ಅದು ಕಾಲು ಅನ್ನಿಸಲ್ಲ, ಹೆಚ್ಚುಕಮ್ಮಿ ಅರ್ಧ ಅನ್ನಿಸುತ್ತದೆ. ನಮ್ಮ ಕಣ್ಣು ಹಾಗೇ ಕೆಲಸ ಮಾಡೋದು. 2600 ಮಿಲಿಆಂಪ್-ಗಂಟೆಯ 18650 ಶೆಲ್ಲು (ಚಾರ್ಜ್ ಮಾಡಬಹುದಾದ ಲಿಥಿಯಂ ಶೆಲ್ಲು) ಹಾಕಿದರೆ ಲೆಕ್ಕದ ಪ್ರಕಾರ ಫುಲ್ಲಿನಲ್ಲಿ ಎರಡು ಗಂಟೆಗೆ ತುಸು ಕಡಿಮೆ, ನಡುವಿನದರಲ್ಲಿ ಏಳು ಗಂಟೆಗೆ ತುಸು ಜಾಸ್ತಿ. ‘ಅರ್ಧ’ ಅಂತ ಓದಿದವರು ನಾಲ್ಕು ಗಂಟೆಗೆ ಶೆಲ್ಲು ಮುಗಿಯುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗಿ ಅಳತೆಯ ಪದ ಬೇಡ, ‘ನಡು’ ಇರಲಿ ಅನ್ನೋದು ನನ್ನ ವಾದ.

ಇನ್ನು ‘ಮೋಡ್’ ಅನ್ನೋದಕ್ಕೆ. ‘ಹಂತ’ ಅಂದರೆ ಮೆಟ್ಟಿಲಿನ ಹಾಗೆ ಏರಬೇಕು. ಮೊದಲ ಮೂರಕ್ಕೆ ಒಪ್ಪುತ್ತದೆ, ನಾಲ್ಕನೆಯದು ಏರಿಕೆಯಲ್ಲ, ಅದು ಬಿಟ್ಟು ಬಿಟ್ಟು ಹತ್ತೋದು. ‘ಬಗೆ’ ನಾಲ್ಕಕ್ಕೂ ಹೊಂದುತ್ತದೆ. ಆ ನಾಲ್ಕನೆಯದಕ್ಕೆ ನಾನು ಇಟ್ಟ ‘ಮಿಣುಕು’ ತೀರಾ ಮೆತ್ತಗಾಯಿತು, ಮಿಣುಕುಹುಳದ ಹಾಗೆ. ಇದು ಸೆಕೆಂಡಿಗೆ ಹತ್ತು ಸಲ ಕಣ್ಣಿಗೆ ಹೊಡೆಯುವ ಬೆಳಕು. ಕಾಕಾ ಅದಕ್ಕೆ “ಡಿಪ್ಪರ್ ಹೊಡಿಯೋದು” ಅಂತಾರೆ. ಲಾರಿಯವರ ಮಾತು. ನನಗೆ ಇಷ್ಟವಾಯಿತು.

ಬೀದರ್, ಯಾದಗಿರಿ ಕಡೆಯವರು ಹೇಳಿ: ನಿಮ್ಮಲ್ಲೂ ‘ಮಧ್ಯಮ’ ಕೇಳಿದರೆ ಮಂಕು ಅಂತ ಅರ್ಥ ಆಗುತ್ತದೆಯೇ? ಬೆಳಕಿಗೆ ‘ಮಂದ’ ಅಂತ ಮಾತಿನಲ್ಲಿ ಬಳಸುತ್ತೀರಾ, ಅಥವಾ ಬರಹದಲ್ಲಿ ಮಾತ್ರವಾ? ಮಿಣುಕಿಗಿಂತ ಜೋರಾದ, ಬಿಟ್ಟು ಬಿಟ್ಟು ಹತ್ತುವ ಬೆಳಕಿಗೆ ಹಳೆಯ ಪದ ಯಾವುದಾದರೂ ಇದೆಯಾ? ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋಗುತ್ತೇನೆ. ಅಷ್ಟರೊಳಗೆ ತಿಳಿಸಿದರೆ ಹೊಸ ಚೀಟಿ ಬರೆದುಕೊಂಡೇ ಹೋಗುತ್ತೇನೆ.