ತೆಗೆದುಹಾಕಿದರೂ ವೈರ್‌ಶಾರ್ಕ್ ಹೋಗುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಇದೆ. ಕಾಲೇಜಿನ ಪ್ರಯೋಗಕ್ಕೆಂದು, ಜಾಲದಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು (ದತ್ತಾಂಶದ ತುಣುಕುಗಳನ್ನು) ಹಿಡಿದು ತೋರಿಸುವ ವೈರ್‌ಶಾರ್ಕ್ ಅನ್ನು ಟರ್ಮಿನಲ್‌ನಿಂದ ಹಾಕಿಕೊಂಡೆ. ನಡುವೆ ಒಂದು ಪ್ರಶ್ನೆ ಬಂತು, ಎಂಟರ್ ಒತ್ತಿದೆ. ಈಗ ಪ್ಯಾಕೆಟ್ ಹಿಡಿಯಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಆಡಳಿತಾಧಿಕಾರ ಕೊಡುವ ಸುಡೊ ಸೇರಿಸಿದರೆ ಮಾತ್ರ ನಡೆಯುತ್ತದೆ. ತೆಗೆದು ಹೊಸದಾಗಿ ಹಾಕೋಣವೆಂದು ‘ಸುಡೊ ಆಪ್ಟ್ ರಿಮೂವ್ ವೈರ್‌ಶಾರ್ಕ್’ ಕೊಟ್ಟೆ. ಆದರೂ ಅದು ಮೆನುವಿನಲ್ಲೇ ಇದೆ, ತೆರೆದುಕೊಳ್ಳುತ್ತಲೂ ಇದೆ!

ಉತ್ತರ: ನಿಮ್ಮ ತೊಂದರೆಗೆ ತೆಗೆದುಹಾಕುವ ಅಗತ್ಯವೇ ಇರಲಿಲ್ಲ. ಆ ಪ್ರಶ್ನೆ ಕೇಳಿದ್ದು, ಸಾಮಾನ್ಯ ಬಳಕೆದಾರರಿಗೂ ಪ್ಯಾಕೆಟ್ ಹಿಡಿಯಲು ಬಿಡಬೇಕೇ ಎಂದು. ಎಂಟರ್ ಒತ್ತಿದರೆ ‘ಬೇಡ’ ಎಂದೇ ಅರ್ಥ. ‘ಸುಡೊ ಡಿಪಿಕೆಜಿ-ರೀಕಾನ್ಫಿಗರ್ ವೈರ್‌ಶಾರ್ಕ್-ಕಾಮನ್’ ಕೊಟ್ಟರೆ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ‘ಹೌದು’ ಆರಿಸಿ. ಬಳಿಕ ‘ಸುಡೊ ಆಡ್‌ಯೂಸರ್’ ಎಂದು ಬರೆದು, ಮುಂದೆ ನಿಮ್ಮ ಲಾಗಿನ್ ಹೆಸರು, ಅದರ ಮುಂದೆ ‘ವೈರ್‌ಶಾರ್ಕ್’ ಎಂಬ ಗುಂಪಿನ ಹೆಸರು ಸೇರಿಸಿ. ಲಾಗ್‌ಔಟ್ ಆಗಿ ಮರಳಿ ಬನ್ನಿ. ಎಷ್ಟೋ ಜನ ಈ ಕೊನೆಯ ಹೆಜ್ಜೆಯನ್ನು ಬಿಟ್ಟು ತಲೆ ಕೆಡಿಸಿಕೊಳ್ಳುತ್ತಾರೆ.

ಸುಡೊ ಹಾಕಿ ವೈರ್‌ಶಾರ್ಕ್ ತೆರೆಯುವ ಅಭ್ಯಾಸ ಬೇಡವೇ ಬೇಡ. ಪ್ಯಾಕೆಟ್ ಹಿಡಿಯುವ ಕೆಲಸ ಡಂಪ್‌ಕ್ಯಾಪ್ ಎಂಬ ಪುಟ್ಟ ಪ್ರೋಗ್ರಾಂನದು. ವಿಶೇಷ ಅನುಮತಿ ಬೇಕಿರುವುದು ಅದಕ್ಕೆ ಮಾತ್ರ. ಹಿಡಿದದ್ದನ್ನು ಬಿಡಿಸಿ ಓದುವ ಭಾಗ ಬಹಳ ದೊಡ್ಡದು, ಯಾರೋ ಕಳುಹಿಸಿದ ದತ್ತಾಂಶವನ್ನೆಲ್ಲ ಅದು ಮುಟ್ಟುತ್ತದೆ. ಅಲ್ಲೊಂದು ದೋಷವಿದ್ದು, ಯಂತ್ರದ ಪೂರ್ಣ ಹಿಡಿತ ಕೊಡುವ ರೂಟ್ ಅಧಿಕಾರವೂ ಅದರ ಕೈಯಲ್ಲಿದ್ದರೆ ಇಡೀ ಯಂತ್ರವೇ ಪರರ ಪಾಲಾಗಬಹುದು.

ಇನ್ನು ತೆಗೆಯುವ ವಿಷಯ. 22.04ರಲ್ಲಿ ‘ವೈರ್‌ಶಾರ್ಕ್’ ಎಂಬ ಪ್ಯಾಕೇಜ್ ಬರೀ ಹೆಸರಿನ ಫಲಕವಿದ್ದಂತೆ. ನಿಜವಾದ ಕಿಟಕಿ ‘ವೈರ್‌ಶಾರ್ಕ್-ಕ್ಯೂಟಿ’ಯಲ್ಲಿದೆ, ಡಂಪ್‌ಕ್ಯಾಪ್ ‘ವೈರ್‌ಶಾರ್ಕ್-ಕಾಮನ್’ನಲ್ಲಿದೆ. ನೀವು ತೆಗೆದದ್ದು ಫಲಕವನ್ನು. ಪೂರ್ತಿ ಹೋಗಬೇಕಾದರೆ ‘ಸುಡೊ ಆಪ್ಟ್ ಪರ್ಜ್’ ಬರೆದು ಮೂರೂ ಹೆಸರುಗಳನ್ನು ಕೊಡಿ. ರಿಮೂವ್ ಸಂರಚನಾ ಕಡತಗಳನ್ನು ಉಳಿಸುತ್ತದೆ, ಪರ್ಜ್ ಅವನ್ನೂ ಅಳಿಸುತ್ತದೆ. ಆಮೇಲೆ ‘ಸುಡೊ ಆಪ್ಟ್ ಆಟೊರಿಮೂವ್’ ಕೊಡಿ, ಜೊತೆಗೆ ಬಂದು ಈಗ ಯಾವುದಕ್ಕೂ ಬೇಡವಾದ ಪ್ಯಾಕೇಜ್‌ಗಳನ್ನು ಅದು ತೆಗೆಯುತ್ತದೆ. ಒಪ್ಪಿಗೆ ಕೊಡುವ ಮುನ್ನ ತೋರಿಸುವ ಪಟ್ಟಿಯನ್ನು ಓದಿ, ಬೇಕಾದ ಪ್ಯಾಕೇಜ್ ಅದರಲ್ಲಿ ಇರಲೂಬಹುದು.

ಪರ್ಜ್ ಕೂಡ ನಿಮ್ಮ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ಅಲ್ಲಿ ಅಡಗಿರುವ ‘ಕಾನ್ಫಿಗ್’ ಒಳಗಿನ ವೈರ್‌ಶಾರ್ಕ್ ಫೋಲ್ಡರ್ ಮತ್ತು ನೀವು ಉಳಿಸಿದ ಪ್ಯಾಕೆಟ್ ಕಡತಗಳನ್ನು ನೀವೇ ಅಳಿಸಬೇಕು. ಎನ್‌ಕ್ರಿಪ್ಟ್ ಆಗದ ಜಾಲತಾಣಕ್ಕೆ ಕೊಟ್ಟ ಪಾಸ್‌ವರ್ಡ್ ಆ ಕಡತಗಳಲ್ಲಿ ಹಾಗೆಯೇ ಓದಸಿಗುತ್ತದೆ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮ ಕಚೇರಿಯ ಸರ್ವರ್‌ನಲ್ಲಿ ಡೆಸ್ಕ್‌ಟಾಪ್ ಇಲ್ಲ. ಅಲ್ಲಿ ಹಾಕಬಹುದೇ?

ಉತ್ತರ: ವೈರ್‌ಶಾರ್ಕ್‌ನ ಟರ್ಮಿನಲ್ ರೂಪವಾದ ‘ಟಿಶಾರ್ಕ್’ ಹಾಕಿ, ಅದಕ್ಕೆ ಕಿಟಕಿ ಬೇಡ. ಅದು ಕೂಡ ವೈರ್‌ಶಾರ್ಕ್-ಕಾಮನ್ ಅನ್ನೇ ನೆಚ್ಚಿಕೊಂಡಿದೆ. ಹಾಗಾಗಿ ಅದೇ ಪ್ರಶ್ನೆ ಅಲ್ಲೂ ಬರುತ್ತದೆ, ಕಾಮನ್ ತೆಗೆದರೆ ಟಿಶಾರ್ಕ್ ಕೂಡ ಜೊತೆಗೇ ಹೋಗುತ್ತದೆ. ನಾನಾದರೆ ಸರ್ವರ್‌ನಲ್ಲಿ ಟಿಸಿಪಿಡಂಪ್ ಎಂಬ ಪ್ಯಾಕೆಟ್ ಹಿಡಿಯುವ ಸರಳ ಪ್ರೋಗ್ರಾಂನಿಂದ ಕಡತಕ್ಕೆ ಬರೆದುಕೊಂಡು, ಅದನ್ನು ಲ್ಯಾಪ್‌ಟಾಪ್‌ಗೆ ತಂದು ವೈರ್‌ಶಾರ್ಕ್‌ನಲ್ಲಿ ತೆರೆಯುತ್ತೇನೆ. ಸರ್ವರ್ ಮೇಲೆ ಹೊರೆ ಕಡಿಮೆ. ಎಷ್ಟು ಪ್ಯಾಕೆಟ್ ಬೇಕೆಂದು ಮಿತಿ ಹಾಕಲು ಮರೆಯಬೇಡಿ, ಇಲ್ಲವಾದರೆ ಡಿಸ್ಕ್ ತುಂಬುತ್ತದೆ. ಕಚೇರಿಯ ಜಾಲವಾದ್ದರಿಂದ ಅನುಮತಿಯನ್ನು ಬರಹದಲ್ಲೇ ಪಡೆದುಕೊಳ್ಳಿ.