ಮಗುವಿನ ಲಿವರ್ ಕಸಿ: ಪಿತ್ತನಾಳವನ್ನು ಕರುಳಿಗೆ ಹೊಲಿಯೋದೋ, ನಾಳಕ್ಕೋ?

ಪ್ರಶ್ನೆ: 8 ಕೆ.ಜಿ. ಮಗು, ಪಿ.ಎಫ್.ಐ.ಸಿ. (ಲಿವರಲ್ಲಿ ಪಿತ್ತ ಕಟ್ಟಿಕೊಳ್ಳುವ ಆನುವಂಶಿಕ ಕಾಯಿಲೆ). ಅಮ್ಮನ ಲಿವರಿನ ಎಡತುಂಡು (2, 3ನೇ ಭಾಗ) ಹಾಕ್ತಾರೆ. ಮಗುವಿನ ಪಿತ್ತನಾಳ ಸರಿಯಿದೆ. ಒಬ್ಬರು ರೂ-ವೈ (ಸಣ್ಣಕರುಳಿನ ಒಂದು ತುದಿ ಮೇಲೆ ತಂದು ಹೊಸ ಲಿವರಿನ ನಾಳಕ್ಕೆ ಹೊಲಿಯೋದು) ಅಂತಾರೆ, ಇನ್ನೊಬ್ಬರು ಮಗುವಿನ ನಾಳಕ್ಕೇ ಆ ನಾಳ ಹೊಲಿಯಿರಿ ಅಂತಾರೆ. ಬಲ್ಲವರು ಹೇಳಿ.

ಕಸಿ ಸರ್ಜನ್: ರೂ-ವೈ. ಬೇರೆ ಮಾತೇ ಬೇಡ. ಎಡತುಂಡಿನ ನಾಳ ಎರಡು-ಮೂರು ಮಿ.ಮೀ. ಅಷ್ಟೆ, ಕೆಲವೊಮ್ಮೆ ಬಾಯಿಗಳೂ ಎರಡು. ಪಕ್ಕಪಕ್ಕ ಇದ್ದರೆ ಸೇರಿಸಿ ಹೊಲಿದು ಒಂದು ಮಾಡಿ, ದೂರವಿದ್ದರೆ ಎಳೆಯದೆ ಎರಡು ಜೋಡಣೆ ಮಾಡಿ. ಸುಮಾರು 40 ಸೆಂ.ಮೀ. ಜೆಜುನಮ್ (ಸಣ್ಣಕರುಳಿನ ನಡುಭಾಗ) ಲೂಪ್ ಸಲೀಸಾಗಿ ಮೇಲೆ ಬರುತ್ತೆ. ದಾರ 6-0 ಅಥವಾ 7-0 ಪಿ.ಡಿ.ಎಸ್. (ತಾನೇ ಕರಗುವ ಬಲು ತೆಳು ದಾರ), ಮುಂಭಾಗದ ಸಾಲಿಗೆ ಒಂದೊಂದೇ ಬಿಡಿಬಿಡಿ ಹೊಲಿಗೆ, ಗಂಟು ಹೊರಗೆ. ನಾಳದ ಸುತ್ತಲಿನ ಅಂಗಾಂಶ ಕೆರೆಯಲೇಬಾರದು: ಕಸಿಯಾದ ನಾಳಕ್ಕೆ ರಕ್ತ ಬರೋದು ಹೆಪಾಟಿಕ್ ಅಪಧಮನಿಯೊಂದರಿಂದಲೇ.

ಇನ್ನೊಬ್ಬ ಸರ್ಜನ್: "ಬೇರೆ ಮಾತೇ ಬೇಡ" ಅನ್ನೋದು ಬಿಲಿಯರಿ ಅಟ್ರೀಸಿಯಾಕ್ಕೆ (ಎಳೆಗೂಸಿನಲ್ಲೇ ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ) ಸರಿ ಸರ್. ಅಲ್ಲಿ ನಾಳವೇ ಇರಲ್ಲ, ಕಾಸಾಯ್ (ಲಿವರಿಗೆ ಕರುಳು ಹೊಲಿಯುವ ಆಪರೇಷನ್) ಆಗಿದ್ದರೆ ಲೂಪೂ ಸಿದ್ಧ. ಇಲ್ಲಿ ಒಳ್ಳೇ ನಾಳ ಇಟ್ಟುಕೊಂಡು ಕರುಳು ಯಾಕೆ ಕತ್ತರಿಸಬೇಕು? ನಾಳಕ್ಕೆ ನಾಳ ಹೊಲಿದರೆ ಇ.ಆರ್.ಸಿ.ಪಿ. (ಬಾಯಿಯಿಂದ ಸ್ಕೋಪ್ ಇಳಿಸಿ ಪಿತ್ತನಾಳ ಸರಿಪಡಿಸೋದು) ದಾರಿ ತೆರೆದಿರುತ್ತೆ.

ಕಸಿ ಸರ್ಜನ್: 10 ಕೆ.ಜಿ.ಗಿಂತ ಕಡಿಮೆ ಇದ್ದರೆ 7.5 ಮಿ.ಮೀ. ಸ್ಕೋಪ್ ಬೇಕು, ಅದರ ಚಾನೆಲ್ ಬರೀ 2 ಮಿ.ಮೀ. ದಪ್ಪ ಸ್ಟೆಂಟ್ (ನಾಳ ತೆರೆದಿಡುವ ಕೊಳವೆ) ಎಲ್ಲಿ ತೂರಿಸ್ತೀರಿ?

ಇನ್ನೊಬ್ಬ ಸರ್ಜನ್: ಮಗು 8 ಕೆ.ಜಿ.ಯಲ್ಲೇ ನಿಂತಿರುತ್ತಾ?

ರೇಡಿಯಾಲಜಿಸ್ಟ್: ನೀವಿಬ್ಬರೂ ಹೊಲಿದು ಹೋಗ್ತೀರಿ, ಕಿರಿದಾದ ನಾಳ ನಮ್ಮ ಟೇಬಲಿಗೆ ಬರುತ್ತೆ. ರಕ್ತದಲ್ಲಿ ಜಿ.ಜಿ.ಟಿ. (ಪಿತ್ತಕ್ಕೆ ಅಡ್ಡಿಯಾದಾಗ ಹೆಚ್ಚುವ ಕಿಣ್ವ) ಏರಿದಾಗ "ಅಲ್ಟ್ರಾಸೌಂಡಲ್ಲಿ ನಾಳ ಹಿಗ್ಗಿಲ್ಲ" ಅಂತ ಸುಮ್ಮನಿರಬೇಡಿ. ಕಸಿ ಲಿವರಲ್ಲಿ ಅಡ್ಡಿಯಿದ್ದರೂ ಹಿಗ್ಗದೇ ಇರಬಹುದು. ಮೊದಲು ಡಾಪ್ಲರ್‌ನಲ್ಲಿ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಅಪಧಮನಿ ನೋಡಿ, ಆಮೇಲೆ ಎಂ.ಆರ್.ಸಿ.ಪಿ. (ಪಿತ್ತನಾಳದ ಎಂ.ಆರ್.ಐ.) ಮಾಡಿಸಿ. ಚರ್ಮದ ಮೂಲಕ ತಂತಿ ದಾಟಿಸಿ ಬಲೂನಿನಿಂದ ಹಿಗ್ಗಿಸಿದರೂ ಅಲ್ಲಿಟ್ಟ ಕೊಳವೆ ತಿಂಗಳುಗಟ್ಟಲೆ ಇರುತ್ತೆ. ಪ್ರತಿ ಸಲವೂ ಅರಿವಳಿಕೆ, ತಂತಿ, ಬಲೂನ್, ಹೊಸ ಕೊಳವೆ, ಆ್ಯಂಟಿಬಯೋಟಿಕ್, ವಾರ್ಡ್ ಬಾಡಿಗೆ. ಇದೆಲ್ಲ ಪ್ಯಾಕೇಜಿನಲ್ಲಿದೆಯಾ ಅಂತ ಮುಂಚೆಯೇ ಬರೆಸಿಕೊಳ್ಳಿ.

ಐ.ಸಿ.ಯು. ಸಿಸ್ಟರ್: ಪಿತ್ತ ಸೋರ್ತಿದೆಯಾ ಅಂತ ಡ್ರೇನ್ (ಹೊಟ್ಟೆಯಿಂದ ಹೊರಬಂದ ಕೊಳವೆ) ನೀರಿನ ಬಣ್ಣ ನೋಡಿ ತೀರ್ಮಾನಿಸಬೇಡಿ. ಮೂರನೇ ದಿನದಿಂದ ಅದರ ಬಿಲಿರುಬಿನ್ (ಪಿತ್ತದ ಹಳದಿ ಬಣ್ಣದ ವಸ್ತು) ರಕ್ತದ್ದಕ್ಕಿಂತ 3 ಪಟ್ಟು ಬಂದರೆ ಸೋರಿಕೆ ಅಂತಲೇ ಹಿಡೀರಿ. ನಾಳದೊಳಗೆ ಇಟ್ಟು ಹೊರತಂದ ಸಣ್ಣ ಸ್ಟೆಂಟ್ ಇದ್ದರೆ ಒಂದು ಸುತ್ತು ಸಡಿಲ ಬಿಟ್ಟು ಟೇಪ್ ಹಾಕಿ, ಮಗು ಕಾಲು ಝಾಡಿಸಿದರೆ ಕಿತ್ತು ಬರುತ್ತೆ.

ಇನ್ನೊಬ್ಬ ಸರ್ಜನ್: ಅದಕ್ಕೇ ನಾವು ಹೊರಸ್ಟೆಂಟ್ ಇಡೋದೇ ಇಲ್ಲ ಸಿಸ್ಟರ್.

ಕಸಿ ಸರ್ಜನ್: ಅಷ್ಟು ಸಣ್ಣ ನಾಳಕ್ಕೆ ಸ್ಟೆಂಟಿಲ್ಲದೆ ಹಿಂದಿನ ಗೋಡೆ ಹೊಲಿಗೆಗೆ ಸಿಕ್ಕಿಕೊಂಡರೆ ಜವಾಬ್ದಾರಿ ಯಾರದು?

ಮಕ್ಕಳ ಲಿವರ್ ವೈದ್ಯೆ: ಸ್ಟೆಂಟ್ ಜಗಳ ಸಾಕು. ಪಿ.ಎಫ್.ಐ.ಸಿ. ಯಾವ ವಿಧ ಅಂತ ಯಾರೂ ಕೇಳಲೇ ಇಲ್ಲವಲ್ಲ! 1ನೇ ವಿಧದಲ್ಲಿ ದೋಷ ಕರುಳಲ್ಲೂ ಇರುತ್ತೆ. ಕಸಿಯ ನಂತರ ಭೇದಿ ಜೋರಾಗಿ, ಹೊಸ ಲಿವರಿಗೆ ಕೊಬ್ಬು ತುಂಬುತ್ತೆ. ಅದಕ್ಕೇ ಕೆಲವರು ಪಿತ್ತವನ್ನು ದೊಡ್ಡಕರುಳಿಗೆ ತಿರುಗಿಸ್ತಾರೆ. ಜೀನ್ ವರದಿ ಮೊದಲು ಹಾಕಿ.