ನಿಜವಾದ ರೋಬೋ ತೋಳೋ, ಬರೀ ಸಿಮ್ಯುಲೇಶನ್ನೋ? ಅನುಭವ ಇದ್ದವರು ಹೇಳಿ

ಎರಡನೇ_ವರ್ಷ:
ಪಿಎಚ್‌ಡಿ ಎರಡನೇ ವರ್ಷ. ವಿಷಯ ಹ್ಯಾಂಡೋವರ್: ರೋಬೋ ಮನುಷ್ಯನ ಕೈಗೆ ವಸ್ತು ಕೊಡುವಾಗ ಹಿಡಿತ ಯಾವಾಗ ಬಿಡಬೇಕು ಅನ್ನುವುದು. ಲ್ಯಾಬಿನಲ್ಲಿ ಏಳು ಕೀಲಿನ ಹಳೇ ತೋಳೊಂದಿದೆ, ಆರು ತಿಂಗಳಿಂದ ಯಾರೂ ಮುಟ್ಟಿಲ್ಲ. ಗೈಡ್ ಅದರಲ್ಲೇ ಮಾಡು ಅನ್ನುತ್ತಾರೆ. ನನಗೆ ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲೇ ಮುಗಿಸೋಣ ಅನ್ನಿಸುತ್ತಿದೆ. ಉಳಿದಿರುವುದು ಎರಡೇ ವರ್ಷ. ನೀವೆಲ್ಲ ಏನು ಮಾಡಿದಿರಿ?

ಮಣಿಕಟ್ಟು:
ನಿಜವಾದ ತೋಳು. ನಾನು ಅದನ್ನೇ ಹಿಡಿದೆ, ಇವತ್ತಿಗೂ ಬೇಜಾರಿಲ್ಲ. ಆದರೆ ಹೋದ ಸಮಯದ ಲೆಕ್ಕ ಕೇಳಿ. ಮೊದಲ 9 ವಾರ ತೋಳು ನೆಟ್ಟಗೆ ಕೆಲಸ ಮಾಡಲೇ ಇಲ್ಲ. ಕೊನೆಗೆ ನೋಡಿದರೆ ನಾಲ್ಕನೇ ಕೀಲಿನ ಎನ್‌ಕೋಡರ್ (ಕೀಲು ಎಷ್ಟು ತಿರುಗಿದೆ ಎಂದು ಅಳೆಯುವ ಸೆನ್ಸರ್) ಕೇಬಲ್ ಒಳಗೊಳಗೇ ಮುರಿದಿತ್ತು, ಹೊರಗಿಂದ ಏನೂ ಗೊತ್ತಾಗುತ್ತಿರಲಿಲ್ಲ, ತೋಳು ಒಂದು ಕೋನಕ್ಕೆ ಬಂದಾಗ ಮಾತ್ರ ಸಿಗ್ನಲ್ ಹೋಗುತ್ತಿತ್ತು. ಹೊಸ ಕೇಬಲ್ ಬರಲು 14 ವಾರ. ಆಮೇಲೆ ಶುರುವಾಯಿತು ಮಣಿಕಟ್ಟಿನ ಫೋರ್ಸ್ ಸೆನ್ಸರ್ ಕಾಟ. ಬೆಳಿಗ್ಗೆ ಸೊನ್ನೆಗೆ ತಂದಿಟ್ಟರೂ ಬಿಸಿಯಾಗುತ್ತಾ ರೀಡಿಂಗ್ ಜಾರುತ್ತದೆ. 3 ನ್ಯೂಟನ್ ಎಳೆತ ಬಂದರೆ ಹಿಡಿತ ಬಿಡು ಎಂದು ಬರೆದಿದ್ದೆ. ಮಧ್ಯಾಹ್ನದ ಹೊತ್ತಿಗೆ ಸೆನ್ಸರ್ ತಾನಾಗಿಯೇ 2 ನ್ಯೂಟನ್ ಜಾರಿರುತ್ತಿತ್ತು. ಯಾರಾದರೂ ಬೆರಳು ತಾಗಿಸಿದರೆ ಸಾಕು, ಬಾಟಲಿ ನೆಲಕ್ಕೆ. ಎರಡು ತಿಂಗಳ ಡೇಟಾ ಪೂರ್ತಿ ಬಿಸಾಡಿದೆ. ಈಗ 40 ನಿಮಿಷ ಸುಮ್ನೆ ಓಡಿಸಿ ಬಿಸಿ ಮಾಡಿಕೊಳ್ಳುತ್ತೇನೆ, ಪ್ರತಿ ಸಲ ವಸ್ತು ಹಿಡಿಯುವ ಮುಂಚೆ ಮತ್ತೆ ಸೊನ್ನೆ ಮಾಡುತ್ತೇನೆ. ಇದನ್ನು ಯಾವ ಸಿಮ್ಯುಲೇಟರೂ ನನಗೆ ಕಲಿಸುತ್ತಿರಲಿಲ್ಲ.

ಸಾವಿರ_ಪ್ರತಿ:
23 ವಾರ ಕೇಬಲ್‌ಗೇ ಹೋಯಿತು ಅಂತ ನೀವೇ ಬರೆದಿದ್ದೀರಿ. ಅಷ್ಟರಲ್ಲಿ ನನ್ನ ಮೊದಲ ಪೇಪರ್ ಆಗಿತ್ತು. ಒಂದೇ ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆ ಸಿಮ್ಯುಲೇಶನ್ನಿನ 4096 ತೋಳು ಒಟ್ಟಿಗೆ ಓಡಿಸಿದೆ. ಘರ್ಷಣೆ, ತೂಕ, ಸಿಗ್ನಲ್ ತಡ, ಎಲ್ಲವನ್ನೂ ಪ್ರತಿ ಸಲ ಬದಲಾಯಿಸುತ್ತಾ ಕಲಿಸಿದೆ. ನನಗೂ ಪೆಟ್ಟು ಬಿದ್ದಿದೆ, ಇಲ್ಲ ಅನ್ನುವುದಿಲ್ಲ. ಐದು ತಿಂಗಳು ಫಲಿತಾಂಶ ತುಂಬಾ ಚೆನ್ನಾಗಿ ಬರುತ್ತಿತ್ತು. ಒಂದು ರಾತ್ರಿ ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿದರೆ ಬೆರಳ ತುದಿ ಕಪ್ಪಿನ ಗೋಡೆಯೊಳಗೆ 2 ಮಿ.ಮೀ. ತೂರಿಕೊಂಡಿದೆ! ಸಿಮ್ಯುಲೇಟರಿನ ತಪ್ಪನ್ನೇ ಹಿಡಿತ ಮಾಡಿಕೊಂಡಿತ್ತು. ಎಲ್ಲ ಮೊದಲಿಂದ. ಆದರೂ ಇದೇ ದಾರಿ ಸರಿ. 2019ರಲ್ಲಿ ಓಪನ್‌ಎಐನವರ ರೋಬೋ ಕೈ ರೂಬಿಕ್ಸ್ ಕ್ಯೂಬ್ ಬಿಡಿಸಿದ್ದು ಪೂರ್ತಿ ಸಿಮ್ಯುಲೇಶನ್‌ನಲ್ಲಿ ಕಲಿತೇ ಅಲ್ವಾ?

ಮಣಿಕಟ್ಟು:
ಅದೇ ಕೆಲಸದ ಉಳಿದ ಅಂಕಿಗಳನ್ನೂ ಹೇಳಿ. ಕಲಿಸಲು ಸುಮಾರು 13 ಸಾವಿರ ವರ್ಷದಷ್ಟು ಸಿಮ್ಯುಲೇಶನ್ ಅನುಭವ ಬೇಕಾಯಿತು. ಅತಿ ಕಷ್ಟದ ಜೋಡಣೆ ಕೊಟ್ಟಾಗ ಗೆದ್ದದ್ದು ನೂರಕ್ಕೆ 20 ಸಲ. ಅಲ್ಲಿ ಕ್ಯೂಬನ್ನು ಎದುರಿನಿಂದ ಎಳೆಯಲು ಮನುಷ್ಯ ಇರಲೇ ಇಲ್ಲ. ಇವರ ವಿಷಯವೇ ಹ್ಯಾಂಡೋವರ್. ನಿಮ್ಮ 4096 ಪ್ರತಿಗಳಲ್ಲಿ ವಸ್ತು ತೆಗೆದುಕೊಳ್ಳುವವರು ಯಾರು?

ಸಾವಿರ_ಪ್ರತಿ:
ಸ್ಪ್ರಿಂಗ್ ಮಾಡೆಲ್, ಅಂದರೆ ಎಳೆಯುವ ಕೈಯ ಬದಲು ಒಂದು ಸ್ಪ್ರಿಂಗ್. ಬಿಗಿತ ಬದಲಾಯಿಸುತ್ತಾ ಹೋದರೆ ಸಾಕು.

ಪರದೆ_ಹಿಂದೆ:
ಸ್ಪ್ರಿಂಗಾ? ಅದನ್ನು ಓದಿ ನಿಜಕ್ಕೂ ಕೋಪ ಬಂತು. ನಾನು 36 ಜನರನ್ನು ಕೂರಿಸಿ ಪ್ರಯೋಗ ಮಾಡಿದ್ದೇನೆ. ಎಥಿಕ್ಸ್ ಒಪ್ಪಿಗೆಗೇ ಐದು ತಿಂಗಳು, ಫಾರ್ಮು ಮೂರು ಸಲ ವಾಪಸ್ ಬಂತು, ಒಂದು ಸಲವಂತೂ ತುರ್ತು ಬಟನ್ ಯಾರ ಕೈಯಲ್ಲಿರುತ್ತದೆ ಅನ್ನುವ ಒಂದೇ ಸಾಲಿಗೆ. ಹೇಳಿ ಬಾರದವರು 7 ಜನ, ಅವರಿಂದ ಕ್ರಮ ಕೆಟ್ಟು ಮತ್ತೆ ಹೊಸಬರನ್ನು ಹುಡುಕಿದೆ. ಆಗ ಕಂಡದ್ದು ಇದು: ಮೊದಲ ಮೂರು ಸಲ ಜನ ಹೆದರಿ ಎರಡು ಬೆರಳಲ್ಲಿ ಹಿಡಿಯುತ್ತಾರೆ, ಹತ್ತನೇ ಸಲಕ್ಕೆ ಮುಖ ಕೂಡ ನೋಡದೆ ಕಿತ್ತುಕೊಳ್ಳುತ್ತಾರೆ. ಅದೇ ಮನುಷ್ಯ, ಅದೇ ಬಾಟಲಿ, ಅರ್ಧ ಗಂಟೆಯಲ್ಲಿ. ಯಾವ ಸ್ಪ್ರಿಂಗ್ ಹಾಗೆ ಬದಲಾಗುತ್ತದೆ ಸ್ವಾಮಿ?

ಸಾವಿರ_ಪ್ರತಿ:
ನಿಮ್ಮದು ವಿಝರ್ಡ್ ಪ್ರಯೋಗ ತಾನೇ? ಪರದೆ ಹಿಂದೆ ಕೂತು ನೀವೇ ಬಟನ್ ಒತ್ತಿದಿರಿ, ರೋಬೋ ತಾನೇ ಬಿಡುತ್ತಿದೆ ಅಂತ ಜನ ನಂಬಿದರು. ಅದು ರೋಬೋ ಕೆಲಸವಾ?

ಪರದೆ_ಹಿಂದೆ:
ರಿವ್ಯೂನಲ್ಲೂ ಇದನ್ನೇ ಬರೆದು ವಾಪಸ್ ಕಳಿಸಿದ್ದರು, ಆ ನೋವು ಇನ್ನೂ ಇದೆ. ಜನ ಹೇಗೆ ಎಳೆಯುತ್ತಾರೆ ಅಂತ ಅಳೆಯುವುದು ನನ್ನ ಪ್ರಶ್ನೆ, ರೋಬೋ ಜಾಣತನ ಅಲ್ಲ. ಬಟನ್ ಒತ್ತಲು ನನಗಾದ ತಡವನ್ನೂ ಪ್ರತಿ ಸಲ ದಾಖಲಿಸಿದ್ದೇನೆ. ಪ್ರಯೋಗ ಮುಗಿದ ಮೇಲೆ ಪ್ರತಿಯೊಬ್ಬರಿಗೂ ನಿಜ ಹೇಳಿದ್ದೇನೆ. ಮೋಸ ಅನ್ನಬೇಡಿ.

ಹಳೇ_ಡ್ರೈವರ್:
ಎಲ್ಲರೂ ಮುಖ್ಯವಾದದ್ದು ಬಿಟ್ಟಿರಿ. ಹಳೇ ತೋಳು ಅಂದರೆ ಡ್ರೈವರ್ ರಾಸ್ 1 (ROS, ರೋಬೋ ನಡೆಸುವ ಸಾಫ್ಟ್‌ವೇರ್) ಇರಬಹುದು. ಅದರ ಕೊನೆಯ ಆವೃತ್ತಿ ನೋಯೆಟಿಕ್, ಬೆಂಬಲ 2025ರ ಮೇನಲ್ಲಿ ಮುಗಿಯಿತು. ನಾನು ರಾಸ್ 2ಕ್ಕೆ ಸಾಗಿಸಲು ನಾಲ್ಕು ತಿಂಗಳು ಕೊಟ್ಟೆ. ಒಂದು ತಿಂಗಳು ಬರೀ ಕಂಟ್ರೋಲ್ ಲೂಪ್ (ತೋಳಿಗೆ ಕ್ಷಣಕ್ಷಣಕ್ಕೂ ಆಜ್ಞೆ ಕಳಿಸುವ ಸುತ್ತು) ಯಾಕೆ ಮಧ್ಯೆ ತಪ್ಪುತ್ತಿದೆ ಅಂತ ಹುಡುಕಲು. ಈಗಲೇ ಬದಲಾಯಿಸಿ.

ಮಣಿಕಟ್ಟು:
ದಯವಿಟ್ಟು ಬೇಡ. ಎರಡು ವರ್ಷ ಉಳಿದವರು ಡ್ರೈವರ್ ಬರೆಯುತ್ತಾ ಕೂರಬಾರದು. ಹಳೇ ಕಂಪ್ಯೂಟರ್ ಹಾಗೇ ಇಡಿ, ನೆಟ್‌ನಿಂದ ಬಿಡಿಸಿ, ಡಿಸ್ಕಿನ ಪ್ರತಿ ಎರಡು ತೆಗೆದಿಡಿ.

ಹಳೇ_ಡ್ರೈವರ್:
ಹಾಗೆ ಇಟ್ಟ ಕಂಪ್ಯೂಟರಿನ ಮದರ್‌ಬೋರ್ಡ್ ಹೋದ ದಿನ ಗೊತ್ತಾಗುತ್ತದೆ. ನನಗೆ ಆಗಿದ್ದೇ ಅದು.

ಎರಡನೇ_ವರ್ಷ:
ಹೌದು, ರಾಸ್ 1. ಮಣಿಕಟ್ಟಿನಲ್ಲಿ ಸೆನ್ಸರ್ ಇಲ್ಲ, ಪ್ರತಿ ಕೀಲಿನ ಟಾರ್ಕ್ (ತಿರುಗಿಸುವ ಬಲ) ರೀಡಿಂಗ್ ಮಾತ್ರ ಬರುತ್ತದೆ.

ಮಣಿಕಟ್ಟು:
ಇದನ್ನು ಮೊದಲೇ ಹೇಳಬೇಕಿತ್ತು. ಕೀಲಿನ ಟಾರ್ಕ್‌ನಿಂದ ಕೈ ತುದಿಯ ಬಲ ಲೆಕ್ಕ ಹಾಕಿದರೆ ಗೇರಿನ ಘರ್ಷಣೆಯೂ ಸೇರಿಕೊಳ್ಳುತ್ತದೆ, ಸಣ್ಣ ಎಳೆತ ಅದರಲ್ಲೇ ಮುಳುಗಿಹೋಗಬಹುದು. ಸಿಮ್ಯುಲೇಶನ್ ಜಗಳ ಆಮೇಲೆ. ಈ ವಾರ ಅರ್ಧ ಕಿಲೋ ತೂಕ ಹಿಡಿಸಿ ತೋಳನ್ನು ಎರಡು ಗಂಟೆ ಅಲುಗಾಡದ ಹಾಗೆ ನಿಲ್ಲಿಸಿ, ಏಳೂ ಕೀಲಿನ ರೀಡಿಂಗ್ ಬರೆದಿಡಿ. ಮಾರನೇ ದಿನ ಒಂದು ಗಂಟೆ ಓಡಿಸಿ ಬಿಸಿ ಮಾಡಿ, ಅದನ್ನೇ ಮತ್ತೆ ಮಾಡಿ. ಎರಡೂ ಗ್ರಾಫ್ ಇಲ್ಲಿ ಹಾಕಿ.

ಸಾವಿರ_ಪ್ರತಿ:
ಅದರ ಜೊತೆಗೆ ಆಜ್ಞೆ ಕೊಟ್ಟ ಮೇಲೆ ಬೆರಳು ತೆರೆಯಲು ಎಷ್ಟು ಮಿಲಿಸೆಕೆಂಡ್ ಆಗುತ್ತದೆ ಅಂತಲೂ ಅಳೆಯಿರಿ. ಆ ಅಂಕಿ ನನಗೂ ಬೇಕು.